ಹರಳು ಬೆಳೆಸುತ್ತಿದ್ದ ದಿನಗಳು

ಕಳೆದ ಬೇಸಿಗೆಯಲ್ಲಿ ಎಂ.ಎಸ್ಸಿ. ಭೌತವಿಜ್ಞಾನದ ಪ್ರಾಜೆಕ್ಟ್ ವರದಿಗಳ ಒಂದು ಕಟ್ಟು ಮೌಲ್ಯಮಾಪನಕ್ಕೆಂದು ನನ್ನ ಕೈಗೆ ಬಂತು. ಸ್ಪೈರಲ್ ಬೈಂಡಿಂಗು, ಮೊದಲ ಪುಟದಲ್ಲಿ ಕಾಲೇಜಿನ ಲಾಂಛನ, ಎರಡನೆಯ ಪುಟದಲ್ಲಿ ಪ್ರಾಂಶುಪಾಲರಿಂದ ಹಿಡಿದು ಹಾಸ್ಟೆಲಿನ ಗೆಳತಿಯರವರೆಗೆ ಎಲ್ಲರಿಗೂ ಕೃತಜ್ಞತೆ. ಅವುಗಳಲ್ಲಿ ಒಂದು ವರದಿ ಎಲ್-ಅಲನೀನ್ ಎಂಬ ಅಮೈನೋ ಆಮ್ಲಕ್ಕೆ ಲೋಹದ ಉಪ್ಪೊಂದನ್ನು ಬೆರೆಸಿ, ಲೇಸರ್ ಕೆಲಸಕ್ಕೆ ಒದಗುವ ‘ಹೊಸ’ ಹರಳನ್ನು ಬೆಳೆಸಿದ ಕುರಿತಾಗಿತ್ತು. ಹುಡುಗಿ ಶ್ರದ್ಧೆಯಿಂದ ಬರೆದಿದ್ದಳು. ಗ್ರಾಫ್ ಹಾಳೆಯ ಮೇಲಿಟ್ಟು ತೆಗೆದ ಹರಳಿನ ಫೋಟೊ ಇತ್ತು. ಹರಳಿನ ಮೂಲಕ ಗ್ರಾಫಿನ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಪುಟ ತಿರುಗಿಸಿದರೆ ಎಕ್ಸ್-ರೇ ಕೋಷ್ಟಕ. ಹರಳಿನ ಮೂಲಕೋಶದ, ಅಂದರೆ ಮತ್ತೆ ಮತ್ತೆ ಜೋಡಿಸಿಕೊಂಡು ಹರಳಾಗುವ ಅತಿ ಸಣ್ಣ ಘಟಕದ, ಅಳತೆ: 6.03, 12.34, 5.78 ಆಂಗ್‌ಸ್ಟ್ರಮ್.

ಪೆನ್ನು ಕೆಳಗಿಟ್ಟೆ. ಈ ಮೂರು ಸಂಖ್ಯೆಗಳು ನನಗೆ ಬಾಯಿಪಾಠ. ಅವು ಯಾವ ಹೊಸ ಸಂಯುಕ್ತದವೂ ಅಲ್ಲ, ಶುದ್ಧ ಎಲ್-ಅಲನೀನಿನವು. ಬಾಟಲಿಯಿಂದ ಬಂದು ನೀರಿನಲ್ಲಿ ಕರಗಿದ ಅಲನೀನ್, ಜೊತೆಗಿದ್ದ ಲೋಹವನ್ನು ದ್ರಾವಣದಲ್ಲೇ ಬಿಟ್ಟು ತಾನೊಂದೇ ಮತ್ತೆ ಹರಳುಗಟ್ಟಿತ್ತು. ಆ ಸಂಜೆ ಮುಂದಿನ ವರದಿ ಓದಲಾಗಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದಿನ ಒಂದು ಉದ್ದನೆಯ ಕೋಣೆ, ಅಲ್ಲಿನ ಜನ, ಅವರ ಮಾತು ಎಲ್ಲವೂ ಒಟ್ಟಿಗೆ ಬಂದು ಕೂತವು.

ನಾನು ಹಾವೇರಿ ಕಡೆಯವಳು. 1990ರ ದಶಕದ ಕೊನೆಯಲ್ಲಿ ಪಿಎಚ್.ಡಿ. ಮಾಡಲು ಕರಾವಳಿಯ ಗುಡ್ಡವೊಂದರ ಮೇಲಿದ್ದ ವಿಶ್ವವಿದ್ಯಾಲಯಕ್ಕೆ ಹೋದೆ. ಲೇಸರು, ದೊಡ್ಡ ದೊಡ್ಡ ಯಂತ್ರಗಳು, ಬಿಳಿ ಕೋಟು ಎಂದು ಏನೇನೋ ಎಣಿಸಿಕೊಂಡಿದ್ದೆ. ಮೇಷ್ಟ್ರು ಕರೆದುಕೊಂಡು ಹೋಗಿ ತೋರಿಸಿದ್ದು ಕಡಪ ಕಲ್ಲಿನ ಹಲಗೆಗಳನ್ನು ಗೋಡೆಗೆ ಹೂತಿದ್ದ ಒಂದು ಕೋಣೆ. ಹಲಗೆಗಳ ಮೇಲೆ ಸಾಲು ಸಾಲು ಬೀಕರು. ಬೀಕರಿನ ಬಾಯಿಗೆ ಪಾಲಿಥೀನ್ ಹಾಳೆ ಹೊದಿಸಿ, ರಬ್ಬರ್ ಬ್ಯಾಂಡ್ ಬಿಗಿದು, ಸೂಜಿಯಿಂದ ತೂತು ಮಾಡಿದ್ದರು. ಒಂದೊಂದಕ್ಕೂ ಚೀಟಿ, ಚೀಟಿಯ ಮೇಲೆ ತಾರೀಖು. ಸದ್ದಿಲ್ಲ, ಹೊಗೆಯಿಲ್ಲ, ಮಿನುಗುವ ದೀಪವಿಲ್ಲ. ನನ್ನ ಮುಖದಲ್ಲಿ ಏನು ಕಂಡಿತೋ, ಮೇಷ್ಟ್ರು ಕೇಳಿದರು: “ಕಲ್ಲುಸಕ್ಕರೆ ಮಾಡುವುದು ನೋಡಿದ್ದೀರಾ?”

“ಇಲ್ಲ ಸರ್.”

“ಪಾಕದಲ್ಲಿ ದಾರ ಇಳಿಬಿಡ್ತಾರೆ, ಅದಕ್ಕೆ ಸಕ್ಕರೆ ಹರಳು ಹಿಡಿತದೆ. ನಾವು ಮಾಡುವುದೂ ಅದೇ. ಪಾಕ ಬೇರೆ, ಅಷ್ಟೆ. ಮತ್ತೆ ಅವರಿಗೆ ತಿನ್ನಲಿಕ್ಕೆ ಆಗ್ತದೆ, ನಮಗೆ ಪೇಪರ್ ಬರೀಲಿಕ್ಕೆ.”

ಕೊನೆಯ ಮಾತು ತಮಾಷೆಗೆ ಹೇಳಿದ್ದು ಎಂದು ಆಗ ಅಂದುಕೊಂಡಿದ್ದೆ.

ಪಾಕ ಬೇರೆ ಏಕೆ ಎಂಬುದನ್ನು ಅವರು ಒಂದು ಮಧ್ಯಾಹ್ನವಿಡೀ ಕೂತು ಹೇಳಿದರು. ಲೇಸರ್ ಬಂದದ್ದು 1960ರಲ್ಲಿ. ಮರುವರ್ಷವೇ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಫ್ರಾಂಕನ್ ಮತ್ತು ಸಂಗಡಿಗರು ಮಾಣಿಕ್ಯ ಲೇಸರಿನ ಕೆಂಪು ಬೆಳಕನ್ನು ಕ್ವಾರ್ಟ್ಜ್ ಹರಳಿನ ಮೂಲಕ ಹಾಯಿಸಿದರು. ಒಳಗೆ ಹೋದದ್ದು 694.3 ನ್ಯಾನೋಮೀಟರ್ ತರಂಗ. ಹೊರಗೆ ಬಂದದ್ದರಲ್ಲಿ ಅದರ ಅರ್ಧ ಉದ್ದದ, ಅಂದರೆ 347.2ರ ಅತಿನೇರಳೆಯೂ ಒಂದಿಷ್ಟು ಇತ್ತು. ಫೋಟೊ ಫಲಕದ ಮೇಲೆ ಅದು ಎಷ್ಟು ಸಣ್ಣ ಚುಕ್ಕೆಯಾಗಿತ್ತೆಂದರೆ, ಪತ್ರಿಕೆಯಲ್ಲಿ ಅಚ್ಚಾಗುವಾಗ ಯಾರೋ ಅದನ್ನು ಕೊಳೆ ಎಂದುಕೊಂಡು ಅಳಿಸಿಬಿಟ್ಟರು. ಇಂದಿಗೂ ಆ ಲೇಖನದ ಚಿತ್ರದಲ್ಲಿ ಬಾಣದ ಗುರುತು ಇದೆ, ಅದು ತೋರಿಸುವ ಚುಕ್ಕೆ ಇಲ್ಲ. ಮೇಷ್ಟ್ರು ಈ ಕಥೆಯನ್ನು ಪ್ರತಿ ಹೊಸ ವಿದ್ಯಾರ್ಥಿಗೂ ಹೇಳುತ್ತಿದ್ದರು, ಪ್ರತಿಸಲವೂ ಮೊದಲ ಸಲ ಹೇಳುವವರಂತೆ ನಗುತ್ತಿದ್ದರು.

ಬೆಳಕಿನ ತರಂಗವನ್ನು ಹೀಗೆ ಅರ್ಧಕ್ಕಿಳಿಸುವ ಶಕ್ತಿ ಎಲ್ಲ ಹರಳಿಗೂ ಇಲ್ಲ. ಅಣುಗಳ ಜೋಡಣೆಯಲ್ಲಿ ಒಂದು ಬಿಂದುವಿನ ಆಚೆಗೂ ಈಚೆಗೂ ಒಂದೇ ಬಗೆಯ ಏರ್ಪಾಡಿದ್ದರೆ, ಅಂದರೆ ಸಮಮಿತಿಯ ಕೇಂದ್ರವೊಂದಿದ್ದರೆ, ಈ ಪರಿಣಾಮ ತನ್ನನ್ನು ತಾನೇ ಹೊಡೆದುಹಾಕಿಕೊಂಡು ಸೊನ್ನೆಯಾಗುತ್ತದೆ. ಹಾಗಾಗಿ ಬೇಕಾದದ್ದು ಕೇಂದ್ರವಿಲ್ಲದ ಹರಳು. ಅಮೈನೋ ಆಮ್ಲಗಳು ಇಲ್ಲಿ ಬಂದು ನಿಲ್ಲುತ್ತವೆ. ನಮ್ಮ ಮೈಯ ಪ್ರೋಟೀನುಗಳನ್ನು ಕಟ್ಟುವ ಈ ಅಣುಗಳಲ್ಲಿ ಗ್ಲೈಸಿನ್ ಒಂದನ್ನು ಬಿಟ್ಟರೆ ಉಳಿದೆಲ್ಲವಕ್ಕೂ ಎಡ-ಬಲದ ಭೇದವುಂಟು. ಪ್ರೋಟೀನು ಕಟ್ಟಲು ಜೀವಲೋಕ ಬಳಸುವುದು ಎಲ್ ಎಂಬ ಒಂದೇ ಬಗೆಯನ್ನು. ಒಂದೇ ಬಗೆಯ ಅಣುಗಳಿಂದಲೇ ಕಟ್ಟಿದ ಹರಳಿನಲ್ಲಿ ಸಮಮಿತಿಯ ಕೇಂದ್ರ ಇರಲು ಸಾಧ್ಯವೇ ಇಲ್ಲ. ಜೊತೆಗೆ ಇವು ನೀರಿನಲ್ಲಿ ಕರಗುತ್ತವೆ, ಕಣ್ಣಿಗೆ ಕಾಣುವ ಬೆಳಕನ್ನು ತಡೆಯದೆ ಬಿಡುತ್ತವೆ. ಅಣುವಿನ ಒಂದು ತುದಿ ಧನ, ಇನ್ನೊಂದು ತುದಿ ಋಣವಾಗಿರುವುದರಿಂದ ಆಮ್ಲಗಳೊಡನೆಯೂ ಲೋಹದ ಉಪ್ಪುಗಳೊಡನೆಯೂ ಸಂಕೀರ್ಣಗಳನ್ನು ಕಟ್ಟಿಕೊಳ್ಳಬಲ್ಲವು. 1983ರಲ್ಲಿ ಚೀನಾದ ಶಾನ್‌ಡಾಂಗ್ ವಿಶ್ವವಿದ್ಯಾಲಯದವರು ಎಲ್-ಆರ್ಜಿನೈನನ್ನು ಫಾಸ್ಫಾರಿಕ್ ಆಮ್ಲದೊಡನೆ ಸೇರಿಸಿ ಬೆಳೆಸಿದ ಹರಳು, ಅಲ್ಲಿಯತನಕ ಎಲ್ಲರೂ ಬಳಸುತ್ತಿದ್ದ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟನ್ನು, ಅಂದರೆ ಕೆಡಿಪಿಯನ್ನು, ಮೀರಿಸುವಂತೆ ಕಂಡಿತು. ಎಲ್‌ಎಪಿ ಎಂಬುದು ಅದರ ಚಿಕ್ಕ ಹೆಸರು. ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದವರೂ ಅದನ್ನು ಕೈಗೆತ್ತಿಕೊಂಡು ಪರೀಕ್ಷಿಸಿದರು. ಜಗತ್ತಿನ ಎಷ್ಟೋ ಸಣ್ಣ ಪ್ರಯೋಗಾಲಯಗಳಿಗೆ ಅಮೈನೋ ಆಮ್ಲದ ಹುಚ್ಚು ಹತ್ತಿದ್ದು ಅಲ್ಲಿಂದ ಮೇಲೆ. ನಮ್ಮ ಕೋಣೆಗೂ ಹತ್ತಿತ್ತು.

ಕೆಲಸ ಶುರುವಾದ ಮೇಲೆ ಗೊತ್ತಾಯಿತು, ಇದರಲ್ಲಿ ಭೌತವಿಜ್ಞಾನಕ್ಕಿಂತ ಕಾಯುವುದೇ ಹೆಚ್ಚು. ಎರಡು ಸಲ ಬಟ್ಟಿ ಇಳಿಸಿದ ನೀರು. ಅದರಲ್ಲಿ ಲೆಕ್ಕದ ಪ್ರಕಾರ ಆಮ್ಲವನ್ನೂ ಉಪ್ಪನ್ನೂ ಕರಗಿಸಿ ಮ್ಯಾಗ್ನೆಟಿಕ್ ಸ್ಟಿರರಿನ ಮೇಲೆ ಗಂಟೆಗಟ್ಟಲೆ ತಿರುಗಿಸುವುದು. ವಾಟ್‌ಮನ್ ಫಿಲ್ಟರ್ ಪೇಪರಿನಲ್ಲಿ ಸೋಸಿ ಹಲಗೆಯ ಮೇಲಿಟ್ಟು ಮರೆಯುವುದು. ಮರೆಯುವುದು ಮುಖ್ಯ. ದಿನಾ ಎತ್ತಿ ನೋಡುವವರ ಬೀಕರಿನಲ್ಲಿ ಪುಡಿ ಮಾತ್ರ ಸಿಗುತ್ತದೆ. ತಳದಲ್ಲಿ ಸಾಸಿವೆಗಾತ್ರದ ಹರಳುಗಳು ಕೂತ ಮೇಲೆ ಅವುಗಳಲ್ಲಿ ನಿಚ್ಚಳವಾದದ್ದನ್ನು, ಒಳಗೆ ಮೋಡವಿಲ್ಲದ್ದನ್ನು ಆರಿಸಿ ಸೀಡ್ ಮಾಡಿಕೊಳ್ಳಬೇಕು. ಅದಕ್ಕೆ ದಾರ ಕಟ್ಟಿ ಪರ್ಯಾಪ್ತ ದ್ರಾವಣದಲ್ಲಿ ತೂಗಬಿಡಬೇಕು. ಆ ದಾರವನ್ನು ನಮಗೆ ತಂದುಕೊಡುತ್ತಿದ್ದವರು ಅಟೆಂಡರ್ ಅಣ್ಣ. ಬಂದರಿನ ಹತ್ತಿರದ ಅಂಗಡಿಯಿಂದ, ಗಾಳಕ್ಕೆ ಕಟ್ಟುವ ನೈಲಾನ್ ದಾರದಲ್ಲೇ ತೀರಾ ಸಪೂರದ್ದು. ಕೂದಲಿಗಿಂತ ಕೊಂಚ ದಪ್ಪದ ಆ ದಾರದಲ್ಲಿ ಸಾಸಿವೆಕಾಳಿಗೆ ಗಂಟು ಹಾಕುವುದನ್ನು ನನಗೆ ಕಲಿಸಿದವರೂ ಅವರೇ. ಮೇಷ್ಟ್ರ ಕೈ ಆ ಹೊತ್ತಿಗಾಗಲೇ ನಡುಗುತ್ತಿತ್ತು.

ನಮ್ಮೂರಿನಲ್ಲಾಗಿದ್ದರೆ ಬೀಕರಿನ ನೀರು ತಾನಾಗಿ ಆರುತ್ತಿತ್ತು. ಅಲ್ಲಿ ಜೂನ್ ಬಂತೆಂದರೆ ಗಾಳಿಯೇ ನೀರು. ಸೆಪ್ಟೆಂಬರ್ ತನಕ ಬೀಕರುಗಳಲ್ಲಿ ಮಟ್ಟ ಇಳಿಯುವುದಿಲ್ಲ. ಕೆಲವು ಹರಳುಗಳಂತೂ ಹೊರಗೆ ತೆಗೆದಿಟ್ಟರೆ ಗಾಳಿಯ ತೇವವನ್ನೇ ಹೀರಿ ಕಣ್ಣೆದುರು ಕರಗಿ ನೀರಾಗುತ್ತಿದ್ದವು. ಡೆಸಿಕೇಟರಿನಲ್ಲಿಟ್ಟ ನೀಲಿ ಸಿಲಿಕಾ ಜೆಲ್ ಎರಡೇ ದಿನಕ್ಕೆ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಅದನ್ನು ಓವನ್‌ನಲ್ಲಿ ಹುರಿದು ಮತ್ತೆ ನೀಲಿ ಮಾಡುವುದು ಮಳೆಗಾಲದ ನಿತ್ಯಕರ್ಮ. ಇನ್ನೊಂದು ಕಾಟ ಬೂಷ್ಟಿನದು. ಅಮೈನೋ ಆಮ್ಲ ಎಂದರೆ ಸೂಕ್ಷ್ಮಜೀವಿಗಳಿಗೆ ಊಟ. ಆರ್ಜಿನೈನ್ ದ್ರಾವಣ ಕೆಲವು ವಾರ ಕಳೆಯುವಷ್ಟರಲ್ಲಿ ಹಳದಿಯಾಗುವುದು, ಒಳಗೆ ಹತ್ತಿಯ ಎಳೆಯಂಥದ್ದು ತೇಲುವುದು. “ಅಕ್ಕ, ನಿಮ್ಮ ಎರಡನೇ ಬೀಕರಿಗೆ ಜೀವ ಬಂದಿದೆ,” ಎಂದು ಅಟೆಂಡರ್ ಅಣ್ಣ ಬಾಗಿಲಲ್ಲೇ ಹೇಳಿದರೆ ಅವತ್ತಿನ ಚಹಾ ರುಚಿಸುತ್ತಿರಲಿಲ್ಲ. ಎಲ್‌ಎಪಿ ಬೆಳೆಸಿದವರೆಲ್ಲರೂ ಈ ಕಾಟ ಅನುಭವಿಸಿದವರೇ ಎಂದು ಆಮೇಲೆ ಓದಿ ತಿಳಿದುಕೊಂಡೆ.

ಮಳೆಗಾಲಕ್ಕೆ ಇದ್ದ ಪರಿಹಾರ ಬಾತ್. ದೊಡ್ಡ ಗಾಜಿನ ತೊಟ್ಟಿ, ಹೀಟರು, ಕಾಂಟ್ಯಾಕ್ಟ್ ಥರ್ಮಾಮೀಟರು, ಅದಕ್ಕೊಂದು ರಿಲೇ. ನೀರಿನ ಉಷ್ಣತೆಯನ್ನು ಡಿಗ್ರಿಯ ನೂರರ ಒಂದು ಭಾಗ ಕೂಡ ಅಲುಗದಂತೆ ಹಿಡಿದು, ದಿನಕ್ಕೆ ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ಇಳಿಸುತ್ತ ಹೋದರೆ ಆವಿಯ ಹಂಗಿಲ್ಲದೆ ಹರಳು ಬೆಳೆಯುತ್ತದೆ. ಕರೆಂಟು ಇದ್ದರೆ. ಕರಾವಳಿಯ ಮಳೆಗೆ ಮರ ಬಿದ್ದು ಲೈನು ಹೋದರೆ ಬಾತ್ ತಣ್ಣಗಾಗುತ್ತದೆ, ದ್ರಾವಣದ ತುಂಬ ಸಾವಿರಾರು ಸಣ್ಣ ಹರಳು ಉದುರುತ್ತವೆ, ಎರಡು ತಿಂಗಳ ಕೆಲಸ ಹೋಯಿತು. ರಾತ್ರಿ ಮಳೆ ಜೋರಾದಾಗ ಅಟೆಂಡರ್ ಅಣ್ಣ ಕ್ವಾರ್ಟರ್ಸಿನಿಂದ ಟಾರ್ಚ್ ಹಿಡಿದು ಬಂದು ತೊಟ್ಟಿಗೆ ಕಂಬಳಿ ಸುತ್ತಿ ಹೋಗುತ್ತಿದ್ದರು. ಯಾರೂ ಹೇಳಿದ್ದಲ್ಲ. ನನ್ನ ಥೀಸಿಸ್ಸಿನಲ್ಲಿ ಅವರಿಗೆ ಒಂದು ಸಾಲಿನ ಕೃತಜ್ಞತೆ ಸಲ್ಲಿಸಿದ್ದೇನೆ. ಮೂರನೆಯ ಅಧ್ಯಾಯದ ಅರ್ಧಪಾಲು ಅವರದೇ ಆಗಿತ್ತು.

ಬೆಳೆದ ಹರಳಿನ ಕ್ಯಾರೆಕ್ಟರೈಸೇಶನ್ ಎಂಬುದು ತಿರುಗಾಟದ ಕೆಲಸ. ಇದ್ದಲ್ಲೇ ಆಗುತ್ತಿದ್ದದ್ದು ಸ್ವಲ್ಪ: ಒದ್ದೆ ದಾರದಿಂದ ಹರಳನ್ನು ಕೊಯ್ದು (ನೀರಿನಲ್ಲಿ ಕರಗುವ ಹರಳಿಗೆ ಅದೇ ಗರಗಸ), ಒದ್ದೆ ಬಟ್ಟೆಯ ಮೇಲೆ ಉಜ್ಜಿ ನುಣುಪು ಮಾಡಿ, ಎಷ್ಟು ಬೆಳಕು ಹಾಯುತ್ತದೆ ನೋಡುವುದು, ವಜ್ರದ ಮೊನೆಯಿಂದ ಒತ್ತಿ ಗಡಸುತನ ಅಳೆಯುವುದು. ಇನ್‌ಫ್ರಾರೆಡ್ ಪರೀಕ್ಷೆಗೆ ಪಕ್ಕದ ವಿಭಾಗದಲ್ಲಿ ಸರದಿ ಕಾಯಬೇಕು. ಒಂಟಿ ಹರಳಿನ ಎಕ್ಸ್-ರೇಗೂ, ಎಲ್ಲಕ್ಕಿಂತ ಮುಖ್ಯವಾದ ಹಸಿರು ಬೆಳಕಿನ ಪರೀಕ್ಷೆಗೂ ಬೆಂಗಳೂರಿಗೇ ಹೋಗಬೇಕು. ಪುಡಿಯನ್ನು ಫೋಟೊ ರೋಲಿನ ಖಾಲಿ ಡಬ್ಬಿಗಳಲ್ಲಿ ತುಂಬಿ, ಮೇಲೆ ಹತ್ತಿ, ಹತ್ತಿಯ ಮೇಲೆ ಸಿಲಿಕಾ ಜೆಲ್ ಪೊಟ್ಟಣ. ಶಿರಾಡಿ ಘಾಟಿಯ ರಾತ್ರಿ ಬಸ್ಸಿನಲ್ಲಿ ಆ ಡಬ್ಬಿಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡೇ ಕೂರುತ್ತಿದ್ದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಆ ಕತ್ತಲ ಕೋಣೆಯನ್ನು ಮೊದಲ ಸಲ ನೋಡಿದ್ದು ಮರೆಯುವಂಥದ್ದಲ್ಲ. 1968ರಲ್ಲಿ ಕರ್ಟ್ಜ್ ಮತ್ತು ಪೆರ‍್ರಿ ಎಂಬಿಬ್ಬರು ಹೇಳಿಕೊಟ್ಟ ವಿಧಾನ ಅದು: ದೊಡ್ಡ ಹರಳೇ ಬೇಕಿಲ್ಲ, ಪುಡಿ ಸಾಕು. ಪುಡಿಯನ್ನು ಸಪೂರ ಗಾಜಿನ ಕೊಳವೆಯಲ್ಲಿ ತುಂಬಿ ಅದರ ಮೇಲೆ ಎನ್‌ಡಿ-ಯಾಗ್ ಲೇಸರಿನ ಮಿಡಿತ ಬಿಡುತ್ತಾರೆ. 1064 ನ್ಯಾನೋಮೀಟರಿನ ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಪುಡಿಗೆ ಶಕ್ತಿಯಿದ್ದರೆ ಅರ್ಧ ತರಂಗದ, 532ರ ಹಸಿರು ಹೊಮ್ಮುತ್ತದೆ. ಅಲ್ಲಿನ ಸಂಶೋಧಕಿ ಲೈಟು ಆರಿಸಿದಳು. ಟಿಕ್ ಟಿಕ್ ಸದ್ದು. ಕತ್ತಲಲ್ಲಿ ಎಳೆಯ ಬಾಳೆಸುಳಿಯ ಬಣ್ಣದ ಒಂದು ಕಿಡಿ, ಪ್ರತಿ ಮಿಡಿತಕ್ಕೊಮ್ಮೆ. ಜೂನ್‌ನಿಂದ ಡಿಸೆಂಬರಿನವರೆಗೆ ಬೂಷ್ಟು, ಮಳೆ, ಕರೆಂಟು ಎಲ್ಲದರ ಜೊತೆ ಗುದ್ದಾಡಿ ಉಳಿಸಿಕೊಂಡಿದ್ದ ಪುಡಿ ಅದು. ಕಣ್ಣಲ್ಲಿ ನೀರು ಬಂತು, ಕತ್ತಲಿದ್ದದ್ದು ಒಳ್ಳೆಯದಾಯಿತು. “ಕೆಡಿಪಿಯ ಮುಕ್ಕಾಲು ಪಾಲಿನಷ್ಟಿದೆ,” ಎಂದಳು ಆಕೆ, ದಿನಕ್ಕೆ ಹತ್ತು ಮಂದಿಗೆ ಹೇಳುವ ಧ್ವನಿಯಲ್ಲಿ. ಹೊರಗೆ ಬೆಂಚಿನ ಮೇಲೆ ನನ್ನ ಹಾಗೆಯೇ ಡಬ್ಬಿ ಹಿಡಿದು ಕೂತವರಿದ್ದರು. ಹೆಚ್ಚಿನವರು ತಮಿಳುನಾಡಿನ ಸಣ್ಣ ಊರುಗಳ ಕಾಲೇಜುಗಳವರು. ಕೈಯಲ್ಲಿ ಅದೇ ಫೋಟೊ ರೋಲಿನ ಡಬ್ಬಿ, ಒಳಗೆ ಬಹುಪಾಲು ಗ್ಲೈಸಿನ್ ಇಲ್ಲವೇ ಅಲನೀನ್.

ಈಗ ಯೋಚಿಸಿದರೆ ಆ ಬೆಂಚು ನನಗೆ ಲ್ಯಾಬಿಗಿಂತ ಹೆಚ್ಚು ಕಲಿಸಿತು. ಅಷ್ಟೊಂದು ಜನ ಈ ವಿಷಯವನ್ನೇ ಹಿಡಿದದ್ದಕ್ಕೆ ಕಾರಣ ಸರಳ: ಇದಕ್ಕೆ ದುಡ್ಡು ಬೇಕಿಲ್ಲ. ನಿರ್ವಾತ ಪಂಪಿಲ್ಲ, ಸಾವಿರ ಡಿಗ್ರಿಯ ಕುಲುಮೆಯಿಲ್ಲ. ಗ್ಲೈಸಿನ್ ಅಗ್ಗ, ನೀರು ಬಿಟ್ಟಿ, ಬೀಕರು ಕಾಲೇಜಿನದು. ಬಡ ಕಾಲೇಜಿನ ಹುಡುಗನೂ ಹುಡುಗಿಯೂ ವಿಜ್ಞಾನ ಮಾಡಬಹುದಾದ ಒಂದು ಬಾಗಿಲು ಇದಾಗಿತ್ತು. ಅದನ್ನು ಹಗುರವಾಗಿ ಮಾತಾಡುವವರ ಮೇಲೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಆದರೆ ಆ ಬಾಗಿಲಿನ ಒಳಗೆ ಏನಾಯಿತು ಎಂಬುದನ್ನೂ ಹೇಳಬೇಕಲ್ಲ.

ನಮ್ಮ ಕೋಣೆಯಲ್ಲಿ ಮಧುರೆ ಕಡೆಯ ಒಬ್ಬ ಸೀನಿಯರ್ ಇದ್ದರು. ಕಡಿಮೆ ಮಾತು, ಕನ್ನಡ ಇನ್ನೂ ಕಡಿಮೆ. ಗ್ಲೈಸಿನ್ ಜೊತೆ ಏನನ್ನೋ ಬೆರೆಸಿ ಹರಳು ಬಂದ ದಿನ ಎಲ್ಲರೂ ಸುತ್ತ ನಿಂತಿದ್ದರೆ ಅವರು ಅದನ್ನು ಬೆಳಕಿಗೆ ಹಿಡಿದು, “ಗ್ಲೈಸಿನ್ ದಾ,” ಎಂದು ವಾಪಸಿಟ್ಟುಬಿಡುತ್ತಿದ್ದರು. ಮೂರಕ್ಕೆ ಎರಡು ಸಲ ಅವರದೇ ಸರಿ. ಗ್ಲೈಸಿನ್ ಮಾತ್ರ ನೀರಿನಿಂದ ಹರಳಾದರೆ ಸಾಮಾನ್ಯವಾಗಿ ಆಲ್ಫಾ ರೂಪ ಬರುತ್ತದೆ. ಅದಕ್ಕೆ ಸಮಮಿತಿಯ ಕೇಂದ್ರವಿದೆ, ಹಸಿರು ಕೊಡುವುದಿಲ್ಲ. ಅಡುಗೆ ಉಪ್ಪಿನಂಥದ್ದು ಜೊತೆಗಿದ್ದರೆ ಅದೇ ಗ್ಲೈಸಿನ್ ಗಾಮಾ ರೂಪಕ್ಕೆ ತಿರುಗುತ್ತದೆ. ಗಾಮಾಕ್ಕೆ ಕೇಂದ್ರವಿಲ್ಲ, ಅದು ಹಸಿರು ಕೊಡುತ್ತದೆ. ಉಪ್ಪು ಹಾಕಿದೆವು, ಹರಳಿನ ಆಕಾರ ಬದಲಾಯಿತು, ಹಸಿರು ಬಂತು ಎಂದ ಮೇಲೆ ಹೊಸ ಸಂಕೀರ್ಣ ಸಿಕ್ಕಿತೆಂದು ನಂಬುವುದಕ್ಕೆ ಇನ್ನೇನು ಬೇಕು? ಆದರೆ ಉಪ್ಪು ಹರಳಿನೊಳಗೆ ಬಂದೇ ಇರುವುದಿಲ್ಲ.

ನಾವು ಸಾಲಾಗಿ ಮಾಡುತ್ತಿದ್ದ ಪರೀಕ್ಷೆಗಳು ಈ ಒಂದು ಪ್ರಶ್ನೆಗೆ ಕುರುಡು ಎಂಬುದೇ ಇದರ ಸ್ವಾರಸ್ಯ. ಅಲನೀನ್ ತಾನೊಂದೇ ಇದ್ದರೂ ಹಸಿರು ಕೊಡುತ್ತದೆ. ಇನ್‌ಫ್ರಾರೆಡ್‌ನಲ್ಲಿ ಅಮೈನೋ ಗುಂಪಿನ, ಕಾರ್ಬಾಕ್ಸಿಲ್ ಗುಂಪಿನ ಪಟ್ಟಿಗಳು ಹೇಗೂ ಇರುತ್ತವೆ. ಇಲ್ಲದ ಲೋಹದ ಬಂಧಕ್ಕೂ ಒಂದು ಪಟ್ಟಿ ಹುಡುಕಿ ತೋರಿಸುವುದು ಕಷ್ಟವಲ್ಲ. ಬೆಳಕು ಹಾಯುವಿಕೆ, ಗಡಸುತನ, ಡೈಎಲೆಕ್ಟ್ರಿಕ್ ಎಲ್ಲ ಗ್ರಾಫುಗಳೂ ಚೆನ್ನಾಗಿಯೇ ಬರುತ್ತವೆ, ಯಾಕೆಂದರೆ ಹರಳು ನಿಜಕ್ಕೂ ಒಳ್ಳೆಯ ಹರಳೇ. ಹೆಸರು ಮಾತ್ರ ತಪ್ಪು. ಅದನ್ನು ಬಯಲಿಗೆ ಹಾಕಬಲ್ಲದ್ದು ಎಕ್ಸ್-ರೇ ಕೊಟ್ಟ ಮೂಲಕೋಶದ ಅಳತೆ. ಅಲನೀನಿಗೆ 6.03, 12.34, 5.78. ಗಾಮಾ ಗ್ಲೈಸಿನಿಗೆ 7.04 ಮತ್ತು 5.48. ಹಳೆಯ ಕೋಷ್ಟಕದ ಜೊತೆ ಪಕ್ಕಪಕ್ಕ ಇಟ್ಟು ನೋಡಲು ಐದು ನಿಮಿಷ ಬೇಕು. ಹಾಗೆ ಇಟ್ಟು ನೋಡಿದವರು ಇದ್ದರು. ವಿಯೆನ್ನಾದ ಮಿಶೆಲ್ ಫ್ಲೆಕ್ ಮತ್ತು ಅರ್ಮೇನಿಯಾದ ಅರಾಮ್ ಪೆಟ್ರೋಸ್ಯಾನ್ 2010ರ ಸುಮಾರಿಗೆ ಪ್ರಕಟವಾದ ಇಂಥ ಎಷ್ಟೋ ಹರಳುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದರು. 2014ರಲ್ಲಿ ಅಮೈನೋ ಆಮ್ಲದ ಲವಣಗಳ ಮೇಲೆ ಇಡೀ ಪುಸ್ತಕವನ್ನೇ ಬರೆದರು. ನಮ್ಮ ನೆರೆಯ ಗೋವಾ ವಿಶ್ವವಿದ್ಯಾಲಯದ ಬಿ. ಆರ್. ಶ್ರೀನಿವಾಸನ್ ಅವರಂತೂ ಪತ್ರಿಕೆಗಳಿಗೆ ಟಿಪ್ಪಣಿಯ ಮೇಲೆ ಟಿಪ್ಪಣಿ ಬರೆದು, ಈ ಹೊಸ ಹರಳು ಹಳೆಯದೇ ಎಂದು ಹೇಳುತ್ತಲೇ ಬಂದರು. ಅಂಥ ಕೆಲಸಕ್ಕೆ ಸನ್ಮಾನ ಸಿಗುವುದಿಲ್ಲ, ಗೆಳೆಯರೂ ಸಿಗುವುದಿಲ್ಲ. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ಆದ ಅತ್ಯಂತ ಉಪಯುಕ್ತ ಕೆಲಸಗಳಲ್ಲಿ ಅದೂ ಒಂದು.

ನನ್ನ ಥೀಸಿಸ್ಸಿನ ಹರಳುಗಳ ಮಾತೇನು ಎಂದು ಕೇಳಬಹುದು. ಅವು ಆರ್ಜಿನೈನಿನ ಲವಣಗಳು, ನಿಜವಾದವು. ಮೇಷ್ಟ್ರು ರಚನೆ ಬಿಡಿಸದೆ ಒಂದು ಪುಟ ಬರೆಯಲೂ ಬಿಡುತ್ತಿರಲಿಲ್ಲ. ಆದರೆ ಯಾವುದೂ ಯಾರಿಗೂ ಬೇಕಾಗಲಿಲ್ಲ. ಮೃದು, ತೇವಕ್ಕೆ ಅಂಜುಬುರುಕ, ತುಸು ಬಿಸಿಯಾದರೆ ನೀರಿನಂಶ ಬಿಟ್ಟು ಬೆಳ್ಳಗಾಗುವ ಜಾತಿ. ‘ದ್ಯುತಿ ಉಪಕರಣಗಳಲ್ಲಿ ಬಳಸಲು ಯೋಗ್ಯ’ ಎಂಬ ವಾಕ್ಯ ನನ್ನ ಪ್ರತಿ ಪೇಪರಿನ ಕೊನೆಯಲ್ಲೂ ಇದೆ. ಎಲ್ಲರ ಪೇಪರಿನಲ್ಲೂ ಇತ್ತು. ಅದನ್ನು ಒಯ್ದು ಒಂದು ಉಪಕರಣದಲ್ಲಿಟ್ಟು ನೋಡಿದವರನ್ನು ನಾನು ಕಾಣಲಿಲ್ಲ.

ಈಗ ಜಾತ್ರೆಯಲ್ಲಿ ಮಕ್ಕಳು ಕೊಳ್ಳುವ ಹಸಿರು ಲೇಸರ್ ಪಾಯಿಂಟರ್ ಇದೆಯಲ್ಲ, ಅದರ ಹಳೆಯ ಮಾದರಿಯ ಹೊಟ್ಟೆಯಲ್ಲಿ ನಾವು ಕಾಯುತ್ತಿದ್ದ ಚಮತ್ಕಾರವೇ ನಡೆಯುತ್ತದೆ: 1064 ಒಳಗೆ, 532 ಹೊರಗೆ. ಅಲ್ಲಿ ಕೂತಿರುವುದು ಅಮೈನೋ ಆಮ್ಲವಲ್ಲ, ಕೆಟಿಪಿ ಎಂಬ ಹರಳು. ಡುಪಾಂಟ್ ಕಂಪನಿಯವರು 1976ರಲ್ಲಿ ಅದರ ಗುಣ ತೋರಿಸಿದ್ದರು. ಅತಿನೇರಳೆಯ ಕಡೆಗೆ ಹೋಗಬೇಕಾದವರಿಗೆ ಚೀನಾದ ಫುಜಿಯಾನ್ ಸಂಸ್ಥೆಯಲ್ಲಿ ಚೆನ್ ಚುವಾಂಗ್‌ಥಿಯೆನ್ ಅವರ ತಂಡ 1980ರ ದಶಕದಲ್ಲಿ ಬಿಬಿಒ, ಎಲ್‌ಬಿಒ ಎಂಬ ಬೋರೇಟ್ ಹರಳುಗಳನ್ನು ಕೊಟ್ಟಿತು. ಅವರು ಯಾವ ಅಣುಗುಂಪು ಬೇಕೆಂದು ಮೊದಲು ಲೆಕ್ಕ ಹಾಕಿದರು, ಆಮೇಲೆ ಹುಡುಕಿದರು, ಸಿಕ್ಕಿದ್ದನ್ನು ಲೇಸರಿನೊಳಗೆ ಕೂರಿಸುವ ತನಕ ಬಿಡಲಿಲ್ಲ. ಅತ್ತ ಲಿವರ್‌ಮೋರಿನವರು ತಮ್ಮ ಬೃಹತ್ ಲೇಸರಿಗೆ ಕೊನೆಗೆ ಆರಿಸಿಕೊಂಡದ್ದು ಹಳೆಯ ಕೆಡಿಪಿಯನ್ನೇ. ಹೊಸ ವಸ್ತುವನ್ನಲ್ಲ, ಹಳೆಯ ವಸ್ತುವನ್ನು ಬೆಳೆಸುವ ಹೊಸ ರೀತಿಯನ್ನು ಅವರು ಕಂಡುಕೊಂಡರು. ಎರಡು ವರ್ಷ ಹಿಡಿಯುತ್ತಿದ್ದ, ಮುನ್ನೂರು ಕಿಲೋಗೂ ಮೀರಿದ ಹರಳು ಎರಡು ತಿಂಗಳಲ್ಲಿ ಬೆಳೆಯಿತು.

ನಮ್ಮಲ್ಲಿ ಬೆಳೆಸುವ ಕೈ ಇರಲಿಲ್ಲವೆಂದಲ್ಲ. 2005ರಲ್ಲಿ ತಮಿಳುನಾಡಿನ ಸಂಕರನಾರಾಯಣನ್ ಮತ್ತು ರಾಮಸಾಮಿ ಸರಳವಾದ ಒಂದು ವಿಧಾನ ಕೊಟ್ಟರು. ಗಾಜಿನ ಕೊಳವೆಯ ತಳದಲ್ಲಿ ಬೇಕಾದ ದಿಕ್ಕಿಗೆ ಸೀಡ್ ಕೂರಿಸಿ, ಮೇಲೆ ದ್ರಾವಣ ತುಂಬಿ, ಒಂದೇ ದಿಕ್ಕಿನಲ್ಲಿ ಕೋಲಿನಂತೆ ಹರಳು ಏರುವ ಹಾಗೆ ಮಾಡುವುದು. ಅವರ ಹೆಸರಿನ ಮೊದಲಕ್ಷರಗಳಿಂದ ಎಸ್‌ಆರ್ ವಿಧಾನ ಎಂದು ಅದು ಹೊರದೇಶಗಳಲ್ಲೂ ಬಳಕೆಗೆ ಬಂತು. ಇದನ್ನು ಕಂಡುಕೊಳ್ಳಲು ಹೊಸ ಸಂಯುಕ್ತ ಬೇಕಾಗಿರಲಿಲ್ಲ.

ಆದರೆ ನಮ್ಮ ವ್ಯವಸ್ಥೆ ಕೇಳಿದ್ದು ಹೊಸತನ್ನೇ. 2009ರ ನಿಯಮದಲ್ಲಿ ಯುಜಿಸಿ ಪಿಎಚ್.ಡಿ.ಗೆ ಮೊದಲೇ ಪೇಪರ್ ಪ್ರಕಟಿಸಬೇಕೆಂದಿತು. ಮರುವರ್ಷ ಅಧ್ಯಾಪಕರ ಬಡ್ತಿಗೆ ಪೇಪರ್ ಲೆಕ್ಕದ ಅಂಕ ಬಂತು. ಬೀಕರು ಅದೇ, ಪರೀಕ್ಷೆಗಳ ಸಾಲೂ ಅದೇ. ಬೆರೆಸುವ ಉಪ್ಪು ಬದಲಾದರೆ ಇನ್ನೊಂದು ಪೇಪರ್. 2022ರಲ್ಲಿ ಪಿಎಚ್.ಡಿ.ಯ ಕಡ್ಡಾಯ ಹೋಯಿತು, ರೂಢಿ ಹೋಗಿಲ್ಲ. ಆ ಪ್ರಾಜೆಕ್ಟಿನ ಹುಡುಗಿಯ ಮೌಖಿಕ ಪರೀಕ್ಷೆಯಲ್ಲಿ ಕೋಷ್ಟಕವನ್ನು ಮುಂದಿಟ್ಟು, “ಇದು ಶುದ್ಧ ಅಲನೀನಿಗೆ ಹೋಲುತ್ತೆ ಅಲ್ವೇನಮ್ಮ?” ಎಂದೆ. ಅವಳು ತಲೆ ತಗ್ಗಿಸಲಿಲ್ಲ. “ಗೊತ್ತು ಮ್ಯಾಮ್. ಆದ್ರೆ ಅಲನೀನ್ ಬೆಳೆಸಿದೆ ಅಂತ ಬರೆದ್ರೆ ಪ್ರಾಜೆಕ್ಟ್ ಒಪ್ಪಲ್ಲ ಅಂದ್ರು.” ಹರಳು ಬೆಳೆಸಿದ್ದಕ್ಕೆ ನಾನು ಪೂರ್ತಿ ಅಂಕ ಕೊಟ್ಟೆ, ಹೆಸರಿಗೆ ಕೊಡಲಿಲ್ಲ. ಅಷ್ಟು ದೊಡ್ಡ, ಅಷ್ಟು ನಿಚ್ಚಳವಾದ ಅಲನೀನ್ ನಾನೂ ಬೆಳೆಸಿದವಳಲ್ಲ.

ತುಂಬ ತಡವಾಗಿ ತಿಳಿದ ಒಂದು ಸಂಗತಿಯಿದೆ. ಗ್ಲೈಸಿನ್ ಮತ್ತು ಗಂಧಕಾಮ್ಲ ಸೇರಿದ ಟ್ರೈಗ್ಲೈಸಿನ್ ಸಲ್ಫೇಟ್, ಅಂದರೆ ಟಿಜಿಎಸ್, ಬಹಳ ಹಳೆಯ ಹರಳು. ಅದರ ಫೆರೋಎಲೆಕ್ಟ್ರಿಕ್ ಗುಣ ಗೊತ್ತಾದದ್ದು 1956ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ನಲವತ್ತೊಂಬತ್ತು ಡಿಗ್ರಿಯ ಕೆಳಗೆ ಅದು ಶಾಖದ ಸಣ್ಣ ಏರಿಳಿತಕ್ಕೂ ವಿದ್ಯುತ್ ಹೊಮ್ಮಿಸುತ್ತದೆ. 1985ರಲ್ಲಿ ಚಾಲೆಂಜರ್ ನೌಕೆಯ ಸ್ಪೇಸ್‌ಲ್ಯಾಬ್-3ರಲ್ಲಿ, ತೂಕವಿಲ್ಲದ ಸ್ಥಿತಿಯಲ್ಲಿ ಹರಳು ಹೇಗೆ ಬೆಳೆಯುತ್ತದೆ ಎಂದು ನೋಡಲು ಒಯ್ದದ್ದೂ ಇದನ್ನೇ. “ನಮ್ಮ ಗ್ಲೈಸಿನ್ ಆಕಾಶಕ್ಕೆ ಹೋಗಿ ಬಂದಿದೆ ಮಾರಾಯ್ರೆ,” ಎಂದು ಮೇಷ್ಟ್ರು ಹೆಮ್ಮೆಯಿಂದ ಹೇಳುತ್ತಿದ್ದರು. ಇದಕ್ಕೆ ಚೂರು ಎಲ್-ಅಲನೀನ್ ಬೆರೆಸಿದರೆ ಹರಳಿನ ಧ್ರುವೀಕರಣ ಒಂದೇ ದಿಕ್ಕಿಗೆ ಬೀಗ ಹಾಕಿದಂತೆ ನಿಲ್ಲುತ್ತದೆ. ಹಾಗೆ ಬೆರೆಸಿ, ಹೈಡ್ರೋಜನ್ ಬದಲು ಡ್ಯೂಟೀರಿಯಂ ಇಟ್ಟು ಬೆಳೆಸಿದ ಹರಳಿನ ತೆಳು ಬಿಲ್ಲೆಯೇ ಬಹಳಷ್ಟು ಇನ್‌ಫ್ರಾರೆಡ್ ಸ್ಪೆಕ್ಟ್ರೋಮೀಟರುಗಳಲ್ಲಿ ಬೆಳಕನ್ನು ಗ್ರಹಿಸುವ ಕಣ್ಣು. ಹೊಸ ಅಮೈನೋ ಆಮ್ಲದ ಹರಳು ಉಪಕರಣಕ್ಕೆ ಯೋಗ್ಯವೋ ಎಂದು ತಿಳಿಯಲು ನಾವು ಸರದಿ ಕಾದು ಪುಡಿ ಒಯ್ಯುತ್ತಿದ್ದೆವಲ್ಲ, ಅಂಥ ಯಂತ್ರಗಳ ಹೊಟ್ಟೆಯಲ್ಲೇ ಅಮೈನೋ ಆಮ್ಲದ ಹಳೆಯ ಹರಳೊಂದು ಕೂತು ದಶಕಗಳಿಂದ ದುಡಿಯುತ್ತಿದೆ. ಆ ಬೆಂಚಿನ ಮೇಲೆ ಕೂತ ಯಾರೂ ಇದರ ಬಗ್ಗೆ ಮಾತಾಡಿದ್ದು ನನಗೆ ನೆನಪಿಲ್ಲ.

ಮೇಷ್ಟ್ರು ನಿವೃತ್ತರಾಗಿ, ಆಮೇಲೆ ತೀರಿಕೊಂಡರು. ಅಟೆಂಡರ್ ಅಣ್ಣನ ಮಗಳು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಮಧುರೆಯ ಸೀನಿಯರ್ ಹರಳು ಬಿಟ್ಟು ಬ್ಯಾಂಕಿಗೆ ಸೇರಿದರು. ಆ ಉದ್ದನೆಯ ಕೋಣೆ ಈಗ ಕಂಪ್ಯೂಟರ್ ಲ್ಯಾಬ್ ಆಗಿದೆಯಂತೆ; ಕಡಪ ಕಲ್ಲಿನ ಹಲಗೆಗಳನ್ನು ಕಿತ್ತಿದ್ದಾರೆ.

ಎಂ.ಎಸ್ಸಿ. ಮಕ್ಕಳಿಂದ ಪ್ರಾಜೆಕ್ಟ್ ಮಾಡಿಸುವ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಹೊಸ ಹರಳನ್ನು ಕೇಳಬೇಡಿ, ಒಳ್ಳೆಯ ಹರಳನ್ನು ಕೇಳಿ. ಟಿಜಿಎಸ್ ಕೊಡಿ, ಕೆಡಿಪಿ ಕೊಡಿ, ಅಲನೀನನ್ನು ಅಲನೀನ್ ಎಂದೇ ಹೆಸರಿಟ್ಟು ಕೊಡಿ. ಒಳಗೆ ಮೋಡವಿಲ್ಲದೆ, ಬಿರುಕಿಲ್ಲದೆ, ಎರಡು ಸೆಂಟಿಮೀಟರ್ ಬೆಳೆಸಿ ತಂದವರಿಗೆ ಪೂರ್ತಿ ಅಂಕ ಕೊಡಿ. ಯಾರಾದರೂ ಹೊಸದು ಸಿಕ್ಕಿತೆಂದು ಓಡಿ ಬಂದರೆ ಹಸಿರು ಬೆಳಕಿನ ಪರೀಕ್ಷೆಗೆ ಕಳುಹಿಸುವ ಮೊದಲು ಮೂಲಕೋಶ ಅಳೆಸಿ, ಹಳೆಯ ಕೋಷ್ಟಕದ ಪಕ್ಕದಲ್ಲಿಟ್ಟು ನೋಡಿ.